ಒಂದಕ್ಕೆ ಒಂದೇ: ಜೀವಕೋಶದ ಒಂದು ಲೆಕ್ಕದ ಚರಿತ್ರೆ ಮತ್ತು ಅದರಲ್ಲಿ ಬೆಂಗಳೂರಿನ ಪಾಲು

ಮಾನೇಸರ್ ಎಂದೊಡನೆ ಊರಿನಲ್ಲಿರುವ ನಮ್ಮ ಬಂಧುಗಳ ಕಣ್ಣಿಗೆ ಕಟ್ಟುವುದು ಮೋಟಾರು ಕಾರ್ಖಾನೆ, ಹೆದ್ದಾರಿ ಮತ್ತು ಲಾರಿಗಳ ಸಾಲು. ಇಲ್ಲಿ ಬಂದು ನೆಲಸಿದ ನಮ್ಮಲ್ಲಿ ಹೆಚ್ಚಿನವರೂ ಅನ್ನವನ್ನರಸಿ ಬಂದದ್ದು ಆ ಕಾರ್ಖಾನೆಗಳನ್ನು ನಂಬಿಯೇ. ಆದರೆ ಇದೇ ಊರಿನಲ್ಲಿ, ಅರಾವಳಿ ಬೆಟ್ಟಸಾಲಿನ ಬುಡದಲ್ಲಿ, ಸದ್ದುಗದ್ದಲವಿಲ್ಲದೆ ನಡೆಯುತ್ತಿರುವ ಇನ್ನೊಂದು ಕಾರ್ಯಾಗಾರವಿದೆ. ಅದು ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ. ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ಆಶ್ರಯದಲ್ಲಿ 1999ರಲ್ಲಿ ಸ್ಥಾಪನೆಯಾದ ಈ ಕೇಂದ್ರವನ್ನು 2003ರ ಡಿಸೆಂಬರಿನಲ್ಲಿ ಅಂದಿನ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ರಾಷ್ಟ್ರಕ್ಕೆ ಅರ್ಪಿಸಿದರು. ಇದನ್ನು ಕಟ್ಟಿ ಬೆಳೆಸಿದ ಮೊದಲ ನಿರ್ದೇಶಕಿ ವಿಜಯಲಕ್ಷ್ಮೀ ರವೀಂದ್ರನಾಥ್ ಅವರು ಮೈಸೂರು ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಶೋಧನೆ ನಡೆಸಿ ಬಂದವರು. 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹಿಂದಿರುಗಿದವರು. ಹೀಗೆ ಮಾನೇಸರಿಗೂ ನಮ್ಮ ನಾಡಿಗೂ ಮಿದುಳಿನ ಮೂಲಕ ಒಂದು ನಂಟು ಬೆಳೆದಿದೆ.

ಆ ನಂಟನ್ನು ನೆನೆದು, ಮಿದುಳಿಗೇ ಸಂಬಂಧಿಸಿದ ಒಂದು ಚರಿತ್ರೆಯನ್ನು ಈ ರಾಜ್ಯೋತ್ಸವ ಸಂಚಿಕೆಯಲ್ಲಿ ಹೇಳಬೇಕೆಂದು ನಾವು ಬಯಸಿದ್ದೇವೆ. ಇದು ಅರಸರ ಚರಿತ್ರೆಯಲ್ಲ, ಯುದ್ಧಗಳ ಚರಿತ್ರೆಯೂ ಅಲ್ಲ. ಬರಿಗಣ್ಣಿಗೆ ಕಾಣದ ಒಂದು ಕಡ್ಡಿಯ ಚರಿತ್ರೆ. ಆ ಕಡ್ಡಿಯ ಲೆಕ್ಕ ತಪ್ಪಿದರೆ ಮಗುವಿನ ಮಿದುಳು ಬೆಳೆಯುವುದಿಲ್ಲ. ಆ ಲೆಕ್ಕದ ಒಂದು ಮುಖ್ಯ ಪುಟವನ್ನು ಬರೆದವರು ಬೆಂಗಳೂರಿನವರು. ವಿಜ್ಞಾನ ಓದಿದವರಿಗಷ್ಟೇ ಇದು ಎಂದು ವಾಚಕರು ಪುಟ ಮಗುಚಬಾರದೆಂದು ನಮ್ಮ ಅರಿಕೆ. ಹೆಣ್ಣುಮಕ್ಕಳ ಮೇಲೆ ತಲೆತಲಾಂತರದಿಂದ ಹೊರಿಸಿಬಂದ ಒಂದು ಅಪವಾದವನ್ನು ಈ ಚರಿತ್ರೆ ತೊಡೆದುಹಾಕಬಲ್ಲದು.

ನಮ್ಮ ಶರೀರವೆಲ್ಲವೂ ಜೀವಕೋಶಗಳಿಂದ ಆದುದು. ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಹೋಗುವುದರಿಂದಲೇ ಶಿಶು ಬೆಳೆಯುತ್ತದೆ. ಕೋಶ ಒಡೆಯುವಾಗ ಅದರೊಳಗಿನ 46 ವರ್ಣತಂತುಗಳು ಇಮ್ಮಡಿಯಾಗಿ, ಎರಡು ಮಕ್ಕಳಿಗೆ ಆಸ್ತಿ ಹಂಚಿದಂತೆ ಸರಿಸಮನಾಗಿ ಹಂಚಿಕೆಯಾಗಬೇಕು. ಈ ಹಂಚಿಕೆಗಾಗಿ ಕೋಶದ ಎರಡು ತುದಿಗಳ ನಡುವೆ ಚರಕದ ಕದಿರಿನ ಆಕಾರದಲ್ಲಿ ಎಳೆಗಳು ಏರ್ಪಡುತ್ತವೆ. ಆ ಎಳೆಗಳೇ ವರ್ಣತಂತುಗಳನ್ನು ಹಿಡಿದು ಅತ್ತ ಅರ್ಧ, ಇತ್ತ ಅರ್ಧ ಎಳೆದೊಯ್ಯುತ್ತವೆ. ಪ್ರಾಣಿಗಳ ಕೋಶದಲ್ಲಿ ಕದಿರಿನ ಒಂದೊಂದು ತುದಿಯಲ್ಲಿಯೂ ಒಂದು ಜೊತೆ ಪುಟ್ಟ ಕಡ್ಡಿಗಳಿರುತ್ತವೆ. ಈ ಕಡ್ಡಿಗೆ ಸೆಂಟ್ರಿಯೋಲ್ ಎಂದೂ, ಕಡ್ಡಿಗಳ ಜೊತೆ ಮತ್ತು ಅದರ ಸುತ್ತಲಿನ ದ್ರವ್ಯ ಸೇರಿದುದಕ್ಕೆ ಸೆಂಟ್ರೋಸೋಮ್ ಎಂದೂ ಹೆಸರು. ಒಂದು ಮಿಲಿಮೀಟರಿನಲ್ಲಿ ಎರಡು ಸಾವಿರ ಕಡ್ಡಿಗಳನ್ನು ಉದ್ದಕ್ಕೆ ಸಾಲಾಗಿ ಜೋಡಿಸಬಹುದೆಂದರೆ ಅದರ ಗಾತ್ರವನ್ನು ಊಹಿಸಿಕೊಳ್ಳಬಹುದು.

ಲೆಕ್ಕವಾದರೂ ಸರಳ. ಆಗತಾನೆ ಹುಟ್ಟಿದ ಕೋಶದಲ್ಲಿ ಎರಡು ಕಡ್ಡಿಗಳು. ಒಡೆಯುವ ಮುನ್ನ ಒಂದೊಂದು ಹಳೆಯ ಕಡ್ಡಿಯ ಪಕ್ಕದಲ್ಲಿಯೂ ಒಂದೊಂದು ಹೊಸ ಕಡ್ಡಿ ಮೊಳೆತು ನಾಲ್ಕಾಗುತ್ತವೆ. ಕೋಶ ಒಡೆದಾಗ ಮಗಳುಕೋಶಗಳಿಗೆ ಎರಡೆರಡು. ಇಲ್ಲಿ ಎರಡು ಕಟ್ಟಳೆಗಳಿವೆ. ಒಂದು ಸುತ್ತಿಗೆ ಒಂದೇ ಸಲ ಇಮ್ಮಡಿಯಾಗಬೇಕು. ಒಂದು ಹಳೆಯ ಕಡ್ಡಿಗೆ ಒಂದೇ ಹೊಸದು ಹುಟ್ಟಬೇಕು. ಕಣ್ಣಿಲ್ಲದ, ಕೈಯಿಲ್ಲದ ಕೋಶವು ಈ ಲೆಕ್ಕವನ್ನು ಹೇಗೆ ತಪ್ಪದೆ ನಡೆಸುತ್ತದೆಂಬುದನ್ನು ತಿಳಿಯುವುದಕ್ಕೆ ಮನುಷ್ಯನಿಗೆ ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು.

ಚರಿತ್ರೆ ಮೊದಲಾಗುವುದು ಕುದುರೆಯ ಕರುಳಿನಲ್ಲಿರುವ ಜಂತುಹುಳುವಿನಿಂದ. ಆ ಹುಳುವಿನ ಮೊಟ್ಟೆಯಲ್ಲಿ ವರ್ಣತಂತುಗಳು ಬಹು ಸ್ವಲ್ಪ; ಆದುದರಿಂದ ನೋಡುವುದಕ್ಕೆ ಸುಲಭ. 1887ರಲ್ಲಿ ಬೆಲ್ಜಿಯಮ್ಮಿನ ಎಡ್ವರ್ಡ್ ವಾನ್ ಬೆನೆಡನ್ ಅವರೂ ಜರ್ಮನಿಯ ಥಿಯೋಡೋರ್ ಬೊವೆರಿ ಅವರೂ ಬೇರೆ ಬೇರೆಯಾಗಿ ಕೆಲಸ ಮಾಡಿ, ಕದಿರಿನ ತುದಿಯಲ್ಲಿರುವ ಈ ಚುಕ್ಕೆಯು ಕೋಶದ ಸ್ಥಿರವಾದ ಅಂಗವೆಂದೂ, ಕೋಶದಿಂದ ಕೋಶಕ್ಕೆ ವಂಶಪಾರಂಪರ್ಯವಾಗಿ ಬರತಕ್ಕದ್ದೆಂದೂ ಸಾರಿದರು. ಸೆಂಟ್ರೋಸೋಮ್ ಎಂಬ ಹೆಸರನ್ನು 1888ರಲ್ಲಿ ಇಟ್ಟವರು ಬೊವೆರಿ.

ಬೊವೆರಿ ಅವರು ಇಟಲಿಯ ನೇಪಲ್ಸ್ ನಗರದ ಕಡಲತೀರದಲ್ಲಿ ಮಾಡಿದ ಒಂದು ಪರೀಕ್ಷೆಯನ್ನು ಹೇಳಲೇಬೇಕು. ಸೀ ಅರ್ಚಿನ್ ಎಂಬುದು ಮೈಯೆಲ್ಲ ಮುಳ್ಳಿರುವ, ಚೆಂಡಿನಂತಹ ಒಂದು ಕಡಲ ಪ್ರಾಣಿ. ಅದರ ಅಂಡದಲ್ಲಿ, ನಮ್ಮ ತಾಯಂದಿರ ಅಂಡದಲ್ಲಿರುವಂತೆಯೇ, ಕೆಲಸಕ್ಕೆ ಬರುವ ಸೆಂಟ್ರಿಯೋಲ್ ಇರುವುದಿಲ್ಲ. ಅದನ್ನು ತರುವುದು ವೀರ್ಯಾಣು. ಒಂದು ಅಂಡಕ್ಕೆ ಎರಡು ವೀರ್ಯಾಣುಗಳು ಸೇರಿದರೆ ಏನಾಗುತ್ತದೆಂದು ಬೊವೆರಿ ನೋಡಿದರು. ಎರಡು ತುದಿಗಳಿರಬೇಕಾದಲ್ಲಿ ನಾಲ್ಕು ತುದಿಗಳಾದುವು. ವರ್ಣತಂತುಗಳು ನಾಲ್ಕು ಕಡೆಗೂ ಹೇಗೆಂದರೆ ಹಾಗೆ ಹರಿದು ಹಂಚಿಹೋದುವು. ಅಂತಹ ಭ್ರೂಣಗಳು ಬಹುಮಟ್ಟಿಗೆ ಬದುಕಲಿಲ್ಲ. 1902ರಲ್ಲಿ ಇದನ್ನು ಪ್ರಕಟಿಸಿದ ಬೊವೆರಿ, ಕೋಶದಲ್ಲಿ ತುದಿಗಳ ಸಂಖ್ಯೆ ಕೆಡುವುದೇ ಕ್ಯಾನ್ಸರ್ ರೋಗದ ಒಂದು ಮೂಲವಾಗಿರಬಹುದೆಂದು 1914ರ ತಮ್ಮ ಪುಸ್ತಕದಲ್ಲಿ ಊಹಿಸಿದರು. ಮರುವರ್ಷವೇ ತೀರಿಕೊಂಡರು. ಅವರ ಪತ್ನಿ, ಅಮೆರಿಕೆಯ ಮಾರ್ಸೆಲ್ಲಾ ಬೊವೆರಿ ಅವರು, 1929ರಲ್ಲಿ ಆ ಪುಸ್ತಕವನ್ನು ಇಂಗ್ಲಿಷಿಗೆ ತಂದು ಜಗತ್ತಿನ ಮುಂದಿಟ್ಟರು.

ಬೊವೆರಿ ಕಂಡದ್ದು ಬರಿಯ ಚುಕ್ಕೆಯನ್ನು. ಚುಕ್ಕೆಯ ಒಳಗೇನಿದೆ ಎಂಬುದು ಬೆಳಕಿನ ಸೂಕ್ಷ್ಮದರ್ಶಕಕ್ಕೆ ನಿಲುಕದ ಮಾತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ, ಫ್ರಾನ್ಸಿನಲ್ಲಿ ದ ಆರ್ವೆನ್ ಮತ್ತು ಬರ್ನಾರ್ಡ್ ಎಂಬಿಬ್ಬರು ಬೆನ್ನೆಲುಬುಳ್ಳ ಪ್ರಾಣಿಗಳ ಸೆಂಟ್ರಿಯೋಲಿನ ರಚನೆಯನ್ನು 1956ರಲ್ಲಿ ವಿವರಿಸಿದರು. ಹರಿದು ಹಂಚಿಹೋಗಿದ್ದ ಕನ್ನಡನಾಡು ಒಂದಾದುದೂ ಅದೇ ವರ್ಷ. ಅವರು ಕಂಡದ್ದೇನು? ಒಂಬತ್ತು ಕಟ್ಟು ನಳಿಗೆಗಳು ಕೊಳವೆಯಂತೆ ದುಂಡಗೆ ನಿಂತಿವೆ. ಒಂದೊಂದು ಕಟ್ಟಿನಲ್ಲಿಯೂ ಮೂರು ನಳಿಗೆಗಳು. ಎಂಟಲ್ಲ, ಹತ್ತಲ್ಲ, ಒಂಬತ್ತೇ. ಕಪ್ಪೆಯಾಗಲಿ, ಇಲಿಯಾಗಲಿ, ಮನುಷ್ಯನಾಗಲಿ, ಒಂಬತ್ತೇ.

ನಾಲ್ಕು ವರ್ಷಗಳ ತರುವಾಯ, 1960ರಲ್ಲಿ, ಅಮೆರಿಕೆಯ ಡೇನಿಯಲ್ ಮೇಜಿಯಾ ಮತ್ತು ಸಂಗಡಿಗರು ಸೀ ಅರ್ಚಿನ್ ಮೊಟ್ಟೆಗಳು ಒಡೆಯುವುದನ್ನು ಒಂದು ರಾಸಾಯನಿಕದಿಂದ ಸ್ವಲ್ಪ ಹೊತ್ತು ತಡೆದು, ಮತ್ತೆ ಬಿಟ್ಟು ನೋಡಿದರು. ಮೊಟ್ಟೆ ಎರಡಾಗುವ ಬದಲು ನಾಲ್ಕಾಯಿತು. ಪ್ರತಿಯೊಂದು ತುದಿಯಲ್ಲಿಯೂ ಎರಡು ಘಟಕಗಳು ಅಡಗಿವೆ, ಅವು ಬೇರ್ಪಡುವುದು ಒಂದು ಕ್ರಿಯೆ, ಇಮ್ಮಡಿಯಾಗುವುದು ಇನ್ನೊಂದು ಕ್ರಿಯೆ ಎಂಬುದು ಇದರಿಂದ ತಿಳಿಯಿತು. ಈ ಭೇದವೇ ಮುಂದಿನ ಶೋಧಗಳಿಗೆ ಬಾಗಿಲು ತೆರೆಯಿತು.

ಮೊದಲನೆಯ ಕಟ್ಟಳೆ, ಒಂದು ಸುತ್ತಿಗೆ ಒಂದೇ ಸಲ, ಹೇಗೆ ನಡೆಯುತ್ತದೆ? ಬ್ಯಾಂಕಿನಲ್ಲಿ ಕುಳಿತು ದಿನವೂ ಚೆಕ್ಕುಗಳನ್ನು ನೋಡುವ ನಮಗೆ ಇದು ಬೇಗ ಮನದಟ್ಟಾಯಿತು. ಒಂದು ಚೆಕ್ಕಿಗೆ ಹಣ ಕೊಟ್ಟ ಕೂಡಲೇ ಅದರ ಮೇಲೆ ಪಾವತಿಯ ಮೊಹರು ಬೀಳಬೇಕು. ಮೊಹರು ಇರುವುದು ಚೆಕ್ಕಿನ ಮೈಮೇಲೆಯೇ. ಆದುದರಿಂದ ಅದನ್ನು ಯಾವ ಕಿಟಕಿಗೆ ಒಯ್ದರೂ ಎರಡನೆಯ ಸಲ ಹಣ ದೊರೆಯದು. ಜೀವಕೋಶದಲ್ಲಿಯೂ ಇಂತಹದೇ ಏರ್ಪಾಡು. 2003ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಾಂಗ್ ಮತ್ತು ಸ್ಟರ್ನ್ಸ್ ಅವರು, ಕಡ್ಡಿಗಳು ಆಗಲೇ ಇಮ್ಮಡಿಯಾಗಿದ್ದ ಕೋಶವನ್ನು ಇಮ್ಮಡಿಯಾಗುವ ಹೊತ್ತಿನ ಇನ್ನೊಂದು ಕೋಶದೊಡನೆ ಬೆಸೆದರು. ಸುತ್ತಲಿನ ದ್ರವ್ಯವೆಲ್ಲ ಅನುಕೂಲವಾಗಿದ್ದರೂ, ಆಗಲೇ ಇಮ್ಮಡಿಯಾಗಿದ್ದ ಕಡ್ಡಿಗಳು ಮತ್ತೆ ಇಮ್ಮಡಿಯಾಗಲಿಲ್ಲ. ತಡೆ ಇರುವುದು ಕಡ್ಡಿಗಳ ಮೈಯಲ್ಲಿಯೇ ಎಂದಾಯಿತು.

ಆ ಮೊಹರು ಯಾವುದು? ಹೊಸ ಕಡ್ಡಿಯು ಹಳೆಯದರ ಮಗ್ಗುಲಿಗೆ ಅಂಟಿಕೊಂಡಿರುವುದೇ ಮೊಹರು. ಅಂಟಿಕೊಂಡಿರುವ ತನಕ ಹಳೆಯದು ಇನ್ನೊಂದನ್ನು ಹುಟ್ಟಿಸದು. 2008ರಲ್ಲಿ ಅಮೆರಿಕೆಯಲ್ಲಿ ಲೇಸರ್ ಕಿರಣದಿಂದ ಅಂಟಿದ ಮರಿಕಡ್ಡಿಯನ್ನು ಸುಟ್ಟು ತೆಗೆದಾಗ, ತಾಯಿಕಡ್ಡಿಯ ಪಕ್ಕದಲ್ಲಿ ಮತ್ತೊಂದು ಮರಿ ಮೊಳೆತದ್ದು ಕಂಡುಬಂದಿತು. ಮೊಹರನ್ನು ತೆಗೆದುಹಾಕುವ ಅಧಿಕಾರ ಯಾರದು? ಕೋಶವಿಭಜನೆಯ ಕೊನೆಯಲ್ಲಿ ಸೆಪರೇಸ್ ಎಂಬ ಕತ್ತರಿಯಂತಹ ಪ್ರೋಟೀನು ಎರಡು ಕಡ್ಡಿಗಳನ್ನು ಬಿಡಿಸುತ್ತದೆಂದು ತ್ಸೌ ಮತ್ತು ಸ್ಟರ್ನ್ಸ್ 2006ರಲ್ಲಿ ತೋರಿಸಿದ್ದರು. ಸೋಜಿಗವೆಂದರೆ, ಅಂಟಿಕೊಂಡ ವರ್ಣತಂತುಗಳನ್ನು ಬಿಡಿಸುವುದೂ ಇದೇ ಕತ್ತರಿ. ಎರಡು ಖಾತೆಗಳಿಗೂ ಒಬ್ಬನೇ ಅಧಿಕಾರಿ ರುಜು ಹಾಕಿದಂತಾಯಿತು. ಆದುದರಿಂದ ಕೋಶದ ಎರಡು ಲೆಕ್ಕಗಳು ಒಂದನ್ನೊಂದು ಮೀರುವುದಿಲ್ಲ.

ಎರಡನೆಯ ಕಟ್ಟಳೆ, ಒಂದಕ್ಕೆ ಒಂದೇ ಮರಿ, ಇದಕ್ಕಿಂತ ಸೂಕ್ಷ್ಮವಾದುದು. ಮರಿಯನ್ನು ಹುಟ್ಟಿಸತಕ್ಕ ಪ್ರೋಟೀನುಗಳಲ್ಲಿ ಮೂರನ್ನು ಮುಖ್ಯವಾಗಿ ಹೇಳಬೇಕು. ಮೊದಲನೆಯದು ಪಿಎಲ್‌ಕೆ4, ಇದು ಮೇಸ್ತ್ರಿ. ಜರ್ಮನಿಯ ಎರಿಕ್ ನಿಗ್ ಅವರ ತಂಡವೂ, ಇಂಗ್ಲೆಂಡಿನಲ್ಲಿ ಮೋನಿಕಾ ಬೆಟೆನ್‌ಕೋರ್ಟ್ ಡಿಯಾಸ್ ಮತ್ತು ಡೇವಿಡ್ ಗ್ಲೋವರ್ ಮುಂತಾದವರೂ ಇದರ ಪಾತ್ರವನ್ನು 2005ರಲ್ಲಿ ಗುರುತಿಸಿದರು. ಎರಡನೆಯದು ಸ್ಯಾಸ್6, ಇದು ಅಡಿಪಾಯದ ಕಲ್ಲು. ಇದರ ಅಣುಗಳು ಒಂದಕ್ಕೊಂದು ಸೇರಿ ಒಂಬತ್ತು ಕಡ್ಡಿಗಳ ಬಂಡಿಗಾಲಿಯಂತಾಗುವುವೆಂದು 2011ರಲ್ಲಿ ತಿಳಿಯಿತು. ಒಂಬತ್ತರ ಗುಟ್ಟು ಬಹುಮಟ್ಟಿಗೆ ಇಲ್ಲಿದೆ. ಮೂರನೆಯದು ಸ್ಟಿಲ್, ಮೇಸ್ತ್ರಿಗೂ ಅಡಿಪಾಯಕ್ಕೂ ನಡುವಿನ ಕೊಂಡಿ.

ಮೇಸ್ತ್ರಿ ಹೆಚ್ಚಾದರೆ ಏನಾಗುತ್ತದೆ? ಒಂದು ತಾಯಿಕಡ್ಡಿಯ ಸುತ್ತಲೂ ಹೂವಿನ ಎಸಳುಗಳಂತೆ ಅನೇಕ ಮರಿಗಳು ಒಟ್ಟಿಗೆ ಹುಟ್ಟುವುದು 2007ರಲ್ಲಿ ಕಂಡುಬಂದಿತು. ನೋಡುವುದಕ್ಕೆ ಚೆಲುವಾದರೂ ಕೋಶಕ್ಕೆ ಅದು ಕೇಡು. ಆದುದರಿಂದ ಪ್ರಕೃತಿಯು ಮೇಸ್ತ್ರಿಗೆ ವಿಚಿತ್ರವಾದ ಕಟ್ಟುಪಾಡು ಹಾಕಿದೆ. ಪಿಎಲ್‌ಕೆ4 ತನ್ನ ಜೊತೆಗಾರರನ್ನು ಗುರುತು ಮಾಡುವಾಗ ತನ್ನ ಮೇಲೆಯೂ ಗುರುತು ಹಾಕಿಕೊಳ್ಳುತ್ತದೆ. ಆ ಗುರುತನ್ನು ಕಂಡು ಕೋಶವು ಅದನ್ನು ನಾಶಮಾಡುತ್ತದೆ. ಕೆಲಸ ಹೆಚ್ಚಿದಂತೆಲ್ಲ ಮೇಸ್ತ್ರಿಯ ಆಯುಷ್ಯ ಕಡಮೆ. ಹೀಗೆ ಅದರ ಪ್ರಮಾಣ ಯಾವಾಗಲೂ ಅತ್ಯಲ್ಪವಾಗಿದ್ದು, ತಾಯಿಕಡ್ಡಿಯ ಒಂದೇ ಜಾಗದಲ್ಲಿ ಮಾತ್ರ ಅದು ಒಟ್ಟುಗೂಡುತ್ತದೆ. ಆ ಜಾಗದಲ್ಲಿಯೇ ಒಂದು ಮರಿ.

ಈಗ ಬೆಂಗಳೂರಿನ ಪುಟಕ್ಕೆ ಬರೋಣ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಅದೂ ಅಲ್ಲಿಯ ಮಾನಸಿಕ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಹುಟ್ಟುವಾಗಲೇ ತಲೆ ತೀರ ಚಿಕ್ಕದಾಗಿದ್ದು, ಬುದ್ಧಿಯ ಬೆಳವಣಿಗೆಯೂ ಹಿಂದಾಗಿರುವ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ತಂದೆತಾಯಿಗಳು ಬರುತ್ತಾರೆ. ಈ ಸ್ಥಿತಿಗೆ ವೈದ್ಯರು ಮೈಕ್ರೋಸೆಫಲಿ ಎನ್ನುತ್ತಾರೆ. ಇಂತಹ ಮಕ್ಕಳಿರುವ ಕುಟುಂಬಗಳ ರಕ್ತವನ್ನು ಪರೀಕ್ಷಿಸಿ, ದೋಷವಿರುವ ಜೀನು ಯಾವುದೆಂದು ಹುಡುಕುವ ಕೆಲಸವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಅರುಣ್ ಕುಮಾರ್ ಅವರೂ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯರಾಗಿದ್ದ ಸತೀಶ್ ಗಿರಿಮಾಜಿ ಅವರೂ ಕೈಗೊಂಡರು. ಆಗಲೇ ಬೇರೆ ದೇಶಗಳವರು ಈ ರೋಗದ ಕೆಲವು ಜೀನುಗಳನ್ನು ಕಂಡುಹಿಡಿದಿದ್ದರು. ಅವುಗಳಲ್ಲಿ ಒಂದಾದ ಎಎಸ್‌ಪಿಎಮ್ ಜೀನಿನ ಹೊಸ ದೋಷಗಳನ್ನು ಭಾರತೀಯ ಕುಟುಂಬಗಳಲ್ಲಿ ಗುರುತಿಸಿ ಬೆಂಗಳೂರಿನವರು 2004ರಲ್ಲಿ ವರದಿ ಮಾಡಿದರು.

ಆದರೆ 24 ಕುಟುಂಬಗಳು ಉಳಿದುವು. ತಿಳಿದಿದ್ದ ಆರು ನೆಲೆಗಳಲ್ಲಿ ಯಾವುದರೊಳಗೂ ಅವುಗಳ ದೋಷ ಸಿಕ್ಕಲಿಲ್ಲ. ಸಂಶೋಧಕರು ಬಿಡದೆ ವರ್ಣತಂತುಗಳನ್ನು ಉದ್ದಕ್ಕೂ ಶೋಧಿಸಿದರು. ಅವುಗಳಲ್ಲಿ ಐದು ಕುಟುಂಬಗಳ ದಾರಿ ಒಂದನೆಯ ವರ್ಣತಂತುವಿನ ಒಂದೇ ಪ್ರದೇಶಕ್ಕೆ ಬಂದು ಸೇರಿತು. ಆ ಐದರಲ್ಲಿ ಮೂರು ಕುಟುಂಬಗಳ ಮಕ್ಕಳಲ್ಲಿ ಒಂದೇ ಜೀನು ಬೇರೆ ಬೇರೆ ಜಾಗಗಳಲ್ಲಿ ಕೆಟ್ಟಿದ್ದಿತು. ಅದೇ ಸ್ಟಿಲ್ ಜೀನು. ಮೊದಲು ಒಂದು ಬಗೆಯ ರಕ್ತದ ಕ್ಯಾನ್ಸರಿನ ಅಧ್ಯಯನದಲ್ಲಿ ಹೆಸರು ಪಡೆದಿದ್ದ ಈ ಜೀನಿಗೂ ಮಗುವಿನ ಮಿದುಳಿಗೂ ಇರುವ ಸಂಬಂಧವನ್ನು ಜಗತ್ತಿಗೆ ಹೀಗೆ ತಿಳಿಸಿದ ಲೇಖನ 2009ರಲ್ಲಿ ಅಮೆರಿಕೆಯ ಮಾನವ ವಂಶವಿಜ್ಞಾನದ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅನಂತರ ನಡೆದುದು ಇನ್ನೂ ಸ್ವಾರಸ್ಯವಾದುದು. ಹೊಸ ಕಡ್ಡಿ ಹುಟ್ಟುವುದಕ್ಕೆ ಸ್ಟಿಲ್ ಬೇಕೇಬೇಕೆಂದು 2011 ಮತ್ತು 2012ರಲ್ಲಿ ತೈವಾನ್ ಮತ್ತು ಯೂರೋಪಿನ ಪ್ರಯೋಗಶಾಲೆಗಳು ತೋರಿಸಿದುವು. ಹಾಗಾದರೆ ಆ ಮಕ್ಕಳಲ್ಲಿ ಕಡ್ಡಿಗಳು ಕಡಮೆಯಾಗಿರಬೇಕೆಂದು ಯಾರಾದರೂ ಎಣಿಸುವುದು ಸಹಜ. 2014ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಆರ್ಕ್ವಿಂಟ್ ಮತ್ತು ನಿಗ್ ಅವರು, ಬೆಂಗಳೂರಿನ ಲೇಖನದಲ್ಲಿ ವರದಿಯಾಗಿದ್ದಂತಹ ದೋಷಗಳನ್ನು ಪರೀಕ್ಷಿಸಿದರು. ಆ ದೋಷಗಳಿಂದ ಸ್ಟಿಲ್ ಪ್ರೋಟೀನಿನ ಬಾಲದ ಒಂದು ತುಣುಕು ಕಳೆದುಹೋಗುತ್ತದೆ. ಕೋಶ ಒಡೆದ ಮೇಲೆ ಹಳೆಯ ಸ್ಟಿಲ್ಲನ್ನು ಗುಡಿಸಿಹಾಕಬೇಕೆಂಬ ಸೂಚನೆ ಇರುವುದು ಆ ಬಾಲದಲ್ಲಿಯೇ. ಸೂಚನೆ ಹೋದುದರಿಂದ ಸ್ಟಿಲ್ ಉಳಿದು, ರಾಶಿಯಾಗಿ, ಕಡ್ಡಿಗಳು ಕಡಮೆಯಾಗುವ ಬದಲು ಹೆಚ್ಚಾದುವು! ದಿನದ ಕೊನೆಗೆ ಮುಗಿಸಬೇಕಾದ ಖಾತೆಯನ್ನು ಮುಗಿಸದೆ ಮರುದಿನದ ಲೆಕ್ಕಕ್ಕೆ ಬೆರೆಸಿದರೆ ಆಗುವ ಅನಾಹುತವೇ ಇಲ್ಲಿ ಆದುದು. ಲೆಕ್ಕವನ್ನು ಕಾಯುವುದಕ್ಕೆ ಕಟ್ಟುವುದಷ್ಟೇ ಸಾಲದು, ಸಕಾಲದಲ್ಲಿ ಕೆಡವುವುದೂ ಬೇಕು ಎಂಬ ಪಾಠವನ್ನು ನಮ್ಮ ದೇಶದ ಕೆಲವು ಕುಟುಂಬಗಳ ನೋವು ವಿಜ್ಞಾನಕ್ಕೆ ಕಲಿಸಿತು.

ದೋಷ ಎಲ್ಲ ಕೋಶಗಳಲ್ಲಿಯೂ ಇರುವಾಗ ಮಿದುಳಿಗೇ ಏಕೆ ಹೆಚ್ಚು ಪೆಟ್ಟು? ಗರ್ಭದಲ್ಲಿ ಮಿದುಳು ಬೆಳೆಯುವಾಗ ಅದರ ಮೂಲಕೋಶಗಳು ಕೆಲವೇ ತಿಂಗಳಲ್ಲಿ ಅಸಂಖ್ಯ ಸಲ ಒಡೆಯಬೇಕು. ಕಡ್ಡಿಗಳು ಹೆಚ್ಚಾದರೂ ಕಡಮೆಯಾದರೂ ವಿಭಜನೆ ತಡವಾಗುತ್ತದೆ ಅಥವಾ ತಪ್ಪುತ್ತದೆ. ತಪ್ಪಿದ ಕೋಶಗಳು ಸಾಯುತ್ತವೆ. ಬಿತ್ತನೆಯ ಬೀಜವೇ ಕಡಮೆಯಾದರೆ ಫಸಲೂ ಕಡಮೆ. ಇನ್ನು ಕ್ಯಾನ್ಸರಿನ ವಿಷಯ. ಅನೇಕ ಬಗೆಯ ಗಡ್ಡೆಗಳ ಕೋಶಗಳಲ್ಲಿ ಸೆಂಟ್ರೋಸೋಮುಗಳು ಹೆಚ್ಚಾಗಿರುವುದು ಕಂಡುಬಂದು, ಬೊವೆರಿ ಅವರ ಊಹೆಗೆ ಮತ್ತೆ ಬೆಲೆ ಬಂದಿದೆ. ಪಿಎಲ್‌ಕೆ4ನ್ನು ತಡೆಯುವ ಔಷಧವೊಂದನ್ನು 2015ರಲ್ಲಿ ಅಮೆರಿಕೆಯಲ್ಲಿ ಪ್ರಯೋಗಿಸಿದಾಗ, ಸಹಜ ಕೋಶಗಳು ಕಡ್ಡಿಗಳನ್ನು ಕಳೆದುಕೊಂಡೊಡನೆ ಒಡೆಯುವುದನ್ನೇ ನಿಲ್ಲಿಸಿದುವು; ಕ್ಯಾನ್ಸರ್ ಕೋಶಗಳೋ ಕಡ್ಡಿಯಿಲ್ಲದೆಯೂ ಒಡೆಯುತ್ತಲೇ ಇದ್ದುವು. ಲೆಕ್ಕ ತಪ್ಪಿದರೆ ನಿಲ್ಲಬೇಕೆಂಬ ಮರ್ಯಾದೆ ಸಹಜ ಕೋಶಕ್ಕೆ ಇದೆ, ಕ್ಯಾನ್ಸರಿಗೆ ಇಲ್ಲ.

ಈಗ ಮೊದಲು ಹೇಳಿದ ಅಪವಾದದ ಮಾತು. ತಲೆ ಚಿಕ್ಕದಾದ ಮಗು ಹುಟ್ಟಿದರೆ ನಮ್ಮ ಹಳ್ಳಿಗಳಲ್ಲಿ, ಪಟ್ಟಣಗಳಲ್ಲಿಯೂ ಸಹ, ಮೊದಲು ಬೆರಳು ತೋರುವುದು ತಾಯಿಯ ಕಡೆಗೆ. ಬಸಿರಿನಲ್ಲಿ ಗ್ರಹಣ ನೋಡಿದಳೆಂದು ಒಬ್ಬರು, ಹರಕೆ ತಪ್ಪಿಸಿದಳೆಂದು ಇನ್ನೊಬ್ಬರು, ಹೋದ ಜನ್ಮದ ಪಾಪವೆಂದು ಮತ್ತೊಬ್ಬರು. ಆದರೆ ಈ ವಂಶಪಾರಂಪರ್ಯದ ರೋಗ ಬರುವುದು ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಕೆಟ್ಟ ಪ್ರತಿಗಳೆರಡು ಮಗುವಿನಲ್ಲಿ ಕೂಡಿದಾಗ ಮಾತ್ರ. ಇಬ್ಬರಲ್ಲಿಯೂ ಒಂದೊಂದು ಒಳ್ಳೆಯ ಪ್ರತಿ ಇರುವುದರಿಂದ ಅವರಿಗೆ ಏನೂ ತೊಂದರೆಯಿಲ್ಲ. ದೋಷ ತಮ್ಮಲ್ಲಿದೆಯೆಂಬುದೂ ಗೊತ್ತಿರುವುದಿಲ್ಲ. ಅಂತಹ ದಂಪತಿಗಳಿಗೆ ಪ್ರತಿಯೊಂದು ಬಸಿರಿನಲ್ಲಿಯೂ ರೋಗದ ಸಂಭವ ನಾಲ್ಕರಲ್ಲಿ ಒಂದು ಪಾಲು. ಇದರಲ್ಲಿ ತಾಯಿಯ ಪಾಲೆಷ್ಟೋ ತಂದೆಯ ಪಾಲೂ ಅಷ್ಟೇ; ತಪ್ಪು ಮಾತ್ರ ಇಬ್ಬರದೂ ಅಲ್ಲ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮನೆಗೆ ಹೆಣ್ಣು ಕೊಡುವುದು ನಮ್ಮಲ್ಲಿ ಅನೇಕ ಮನೆಗಳ ಪದ್ಧತಿ. ಗೋತ್ರವನ್ನೂ ಊರನ್ನೂ ಬಿಟ್ಟು ಸಂಬಂಧ ಮಾಡುವ ಇಲ್ಲಿಯ ಹರಿಯಾಣದ ನೆರೆಹೊರೆಯವರಿಗೆ ಇದು ಸೋಜಿಗ. ದೂರದೂರಿನಲ್ಲಿರುವ ನಮಗಾದರೋ, ಗೊತ್ತಿರುವ ಮನೆಯ ಹೆಣ್ಣು ಬಂದರೆ ಒಂದು ನೆಮ್ಮದಿ. ಆ ನೆಮ್ಮದಿಯನ್ನು ನಾವು ಹಳಿಯುವುದಿಲ್ಲ. ಆದರೆ ಒಬ್ಬ ಅಜ್ಜನ ಕೆಟ್ಟ ಪ್ರತಿಯೇ ಗಂಡಿನ ಕಡೆಯಿಂದಲೂ ಹೆಣ್ಣಿನ ಕಡೆಯಿಂದಲೂ ಬಂದು ಕೂಡುವ ಸಂಭವ ಇಂತಹ ಮದುವೆಗಳಲ್ಲಿ ಹೆಚ್ಚು ಎಂಬುದು ಲೆಕ್ಕದ ಮಾತು. ಮನೆತನದಲ್ಲಿ ಇಂತಹ ಮಗು ಹುಟ್ಟಿದ್ದರೆ, ಹತ್ತಿರದ ಸಂಬಂಧ ಮಾಡುವ ಮುನ್ನ ಅಥವಾ ಮುಂದಿನ ಬಸಿರಿಗೆ ಮುನ್ನ ವಂಶವಿಜ್ಞಾನ ಬಲ್ಲ ವೈದ್ಯರ ಸಲಹೆ ಪಡೆಯುವುದು ವಿವೇಕ.

ಎಲ್ಲ ಮೈಕ್ರೋಸೆಫಲಿಯೂ ಜೀನಿನಿಂದ ಬರುವುದಲ್ಲ. 2015ರಲ್ಲಿ ಬ್ರೆಜಿಲ್ ದೇಶದಲ್ಲಿ ಜೀಕಾ ಎಂಬ ಸೊಳ್ಳೆಯಿಂದ ಹರಡುವ ವೈರಸ್ಸು ಎಷ್ಟೋ ಶಿಶುಗಳ ಮಿದುಳನ್ನು ಕುಗ್ಗಿಸಿತು. ಆ ವೈರಸ್ಸಿನ ಒಂದು ಪ್ರೋಟೀನು ಮಿದುಳಿನ ಮೂಲಕೋಶಗಳ ಬೆಳವಣಿಗೆಯನ್ನು ಹೇಗೆ ಕೆಡಿಸುತ್ತದೆಂಬುದರ ಬಗ್ಗೆ 2018ರಲ್ಲಿ ಸಂಶೋಧನೆ ಪ್ರಕಟಿಸಿದುದು ನಮ್ಮ ಮಾನೇಸರಿನ ಕೇಂದ್ರವೇ. ಆದುದರಿಂದ ಕಾರಣ ಯಾವುದೆಂದು ವೈದ್ಯರು ನೋಡಿ ಹೇಳಬೇಕೇ ಹೊರತು ನೆರೆಮನೆಯವರಲ್ಲ.

ರಾಜ್ಯೋತ್ಸವದಂದು ನಾವು ನಾಡಿನ ಕವಿಗಳನ್ನೂ ವೀರರನ್ನೂ ಸ್ಮರಿಸುತ್ತೇವೆ. ಅವರೊಡನೆ, ಉತ್ತರ ಸಿಕ್ಕದೆ ಉಳಿದ 24 ಕುಟುಂಬಗಳನ್ನು ಕೈಬಿಡದೆ ಮತ್ತೆ ಶೋಧಿಸಿದ ಬೆಂಗಳೂರಿನ ಆ ಸಂಶೋಧಕರನ್ನೂ ಸ್ಮರಿಸುವುದು ಉಚಿತ. ತಮ್ಮ ಮಗುವಿಗೆ ಇದರಿಂದ ಗುಣವಾಗದೆಂದು ತಿಳಿದೂ ರಕ್ತ ಕೊಟ್ಟ ಹೆಸರು ತಿಳಿಯದ ತಂದೆತಾಯಿಗಳನ್ನೂ ಸ್ಮರಿಸೋಣ. ಅವರ ಉಪಕಾರಕ್ಕೆ ನಾವು ಸಲ್ಲಿಸಬಹುದಾದ ಪ್ರತ್ಯುಪಕಾರ ಚಿಕ್ಕದು: ಅಂತಹ ಮಗುವಿನ ತಾಯಿ ನಮ್ಮ ಸಂಘದ ಸಭೆಗೆ ಬಂದರೆ ಏಕೆ ಹೀಗಾಯಿತೆಂದು ಕೇಳದೆ, ಮಗುವನ್ನು ಎತ್ತಿಕೊಂಡು, ಪಕ್ಕದಲ್ಲಿ ಜಾಗ ಮಾಡಿಕೊಡುವುದು.